ರಾಮಚಂದ್ರ ವೀರಪ್ಪ

ರಾಮಚಂದ್ರ ವೀರಪ್ಪ ಅವರು ಬೀದರ್ ಜಿಲ್ಲೆಯ ಹುಮನಾಬಾದಿನ ರಾಜಕಾರಣಿ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬೀದರ್ ಲೋಕಸಭಾ ಕ್ಷೇತ್ರದಿಂದ ಅವರು ಏಳು ಬಾರಿ ಆಯ್ಕೆಯಾಗಿದ್ದರು. 1962 ಮತ್ತು 1967ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಅಭ್ಯರ್ಥಿಯಾಗಿ, 1991, 1996, 1998, 1999 ಮತ್ತು 2004ರಲ್ಲಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಕೊನೆಯ ಬಾರಿ ಆಯ್ಕೆಯಾದಾಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ಹದಿನಾಲ್ಕನೆಯ ಲೋಕಸಭೆಯ ಅತ್ಯಂತ ಹಿರಿಯ ಸದಸ್ಯರು ಅವರೇ. ಆ ಲೋಕಸಭೆ ರಚನೆಯಾದ ಕೆಲವೇ ವಾರಗಳಲ್ಲಿ, 2004ರ ಜುಲೈ ತಿಂಗಳಿನಲ್ಲಿ, ನಿಧನರಾದರು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ರಾಮಚಂದ್ರ ವೀರಪ್ಪನವರ ಬಾಲ್ಯ ಮತ್ತು ಯೌವನಗಳು ನಿಜಾಮರ ಆಳ್ವಿಕೆಯಲ್ಲಿ ಕಳೆದವು. ಬೀದರ್ ಜಿಲ್ಲೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇಂದಿನ ಬಸವಕಲ್ಯಾಣವು ಕಲ್ಯಾಣಿ ಎಂಬ ಹೆಸರಿನಲ್ಲಿ ನವಾಬರ ಜಹಗೀರಾಗಿತ್ತು. ಆಡಳಿತದ ಭಾಷೆ ಉರ್ದು. ಮನೆ ಮತ್ತು ಸಂತೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಟ್ಟಿಗೆ ನಡೆಯುತ್ತಿದ್ದವು. ಹುಮನಾಬಾದು ವೀರಭದ್ರೇಶ್ವರ ಜಾತ್ರೆಗೂ ಸಮೀಪದ ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನಕ್ಕೂ ಹೆಸರಾದ ಪಟ್ಟಣ. ಅಲ್ಲಿಗೆ ಸಮೀಪದ ಕಲ್ಯಾಣವು ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರ ಕರ್ಮಭೂಮಿಯಾಗಿತ್ತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹದಿಂದಾಗಿ ಜಾತಿಯ ಕಟ್ಟಳೆಗೆ ದೊಡ್ಡ ಪೆಟ್ಟು ಬಿದ್ದದ್ದೂ ಅಲ್ಲಿಯೇ. ಆದರೆ ನಿಜಾಮರ ಕಾಲದಲ್ಲಿ ಇಲ್ಲಿನ ದಲಿತರಿಗೆ ಭೂಮಿಯ ಒಡೆತನವಾಗಲಿ ಶಿಕ್ಷಣವಾಗಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ವಯಸ್ಕರೆಲ್ಲರಿಗೂ ಮತಾಧಿಕಾರ ಎಂಬುದು ಯಾವ ಜಾತಿಯವರಿಗೂ ಇರಲಿಲ್ಲ.

ಸಂಸ್ಥಾನದ ಕೊನೆಯ ತಿಂಗಳುಗಳು ಈ ಭಾಗದಲ್ಲಿ ಭೀಕರವಾಗಿದ್ದವು. ಈಗಿನ ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಿನಲ್ಲಿ ರಜಾಕಾರರ ದಾಳಿಗೆ ಅನೇಕರು ಬಲಿಯಾದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಕೊನೆಗೊಂಡಿತು. 1949ರಲ್ಲಿ ಜಹಗೀರುಗಳು ರದ್ದಾದವು. ಈ ಪ್ರದೇಶದ ಜನರು ವಯಸ್ಕ ಮತದಾನದ ಹಕ್ಕನ್ನು ಮೊದಲ ಬಾರಿಗೆ ಚಲಾಯಿಸಿದ್ದು 1952ರ ಮಹಾಚುನಾವಣೆಯಲ್ಲಿ. ಆ ವೇಳೆಗೆ ರಾಮಚಂದ್ರ ವೀರಪ್ಪ ನಡುವಯಸ್ಸಿನವರಾಗಿದ್ದರು.

ಬೀದರ್ ಕ್ಷೇತ್ರದ ರಚನೆ

1952ರಲ್ಲಿ ಬೀದರ್ ಲೋಕಸಭಾ ಕ್ಷೇತ್ರವು ಹೈದರಾಬಾದ್ ರಾಜ್ಯದಲ್ಲಿತ್ತು. ಕಾಂಗ್ರೆಸ್ಸಿನ ಶೌಕತುಲ್ಲಾ ಷಾ ಅನ್ಸಾರಿ ಅಲ್ಲಿಂದ ಆಯ್ಕೆಯಾದರು; ಅವರು ಮುಂದೆ ಒಡಿಶಾದ ರಾಜ್ಯಪಾಲರಾದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಹುಮನಾಬಾದ್, ಭಾಲ್ಕಿ, ಔರಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರ ಭಾಗಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದವು. ಹೊಸ ಜಿಲ್ಲೆ ರಾಜ್ಯದ ಉತ್ತರ ತುದಿಯ ಗಡಿ ಜಿಲ್ಲೆಯಾಯಿತು.

1957ರಲ್ಲಿ ಈ ಭಾಗವು ಗುಲಬರ್ಗಾ ದ್ವಿಸದಸ್ಯ ಕ್ಷೇತ್ರದ ವ್ಯಾಪ್ತಿಗೆ ಬಂದಿತು. ದ್ವಿಸದಸ್ಯ ಕ್ಷೇತ್ರದಲ್ಲಿ ಒಂದು ಸ್ಥಾನ ಸಾಮಾನ್ಯ ವರ್ಗಕ್ಕೂ ಮತ್ತೊಂದು ಪರಿಶಿಷ್ಟರಿಗೂ ಇರುತ್ತಿತ್ತು. ಮಹಾದೇವಪ್ಪ ರಾಂಪುರೆ ಅವರೊಂದಿಗೆ ಶಂಕರದೇವ ಅವರು ಆಯ್ಕೆಯಾದರು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಪಡಿಸಿತು. ಪರಿಣಾಮವಾಗಿ 1962ರ ಚುನಾವಣೆಯ ವೇಳೆಗೆ ಬೀದರ್ ಪರಿಶಿಷ್ಟ ಜಾತಿಗೆ ಮೀಸಲಾದ ಏಕಸದಸ್ಯ ಕ್ಷೇತ್ರವಾಯಿತು.

ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಮಾತ್ರ ಪರಿಶಿಷ್ಟ ಜಾತಿಯವರಾಗಿರಬೇಕು. ಮತ ಹಾಕುವವರು ಎಲ್ಲ ಜಾತಿ ಧರ್ಮಗಳವರು. ಲಿಂಗಾಯತರು, ಮರಾಠರು, ಮುಸ್ಲಿಮರು, ಹಿಂದುಳಿದ ವರ್ಗದವರು ಗಣನೀಯ ಸಂಖ್ಯೆಯಲ್ಲಿರುವ ಬೀದರಿನಂತಹ ಕ್ಷೇತ್ರದಲ್ಲಿ ಯಾವ ಅಭ್ಯರ್ಥಿಯೂ ತನ್ನ ಸಮುದಾಯದ ಮತಗಳಿಂದಲೇ ಗೆಲ್ಲಲಾರ. ಇತರರ ವಿಶ್ವಾಸ ಗಳಿಸುತ್ತಲೇ ತನ್ನವರ ಪ್ರತಿನಿಧಿಯಾಗಿಯೂ ಉಳಿಯಬೇಕಾದ ಈ ಇಕ್ಕಟ್ಟು ರಾಮಚಂದ್ರ ವೀರಪ್ಪನವರ ಏಳು ಗೆಲುವುಗಳ ಹಿಂದೆಯೂ ಇತ್ತು.

ಕಾಂಗ್ರೆಸ್ ಸಂಸದರಾಗಿ (1962–1970)

1962ರಲ್ಲಿ ರಾಮಚಂದ್ರ ವೀರಪ್ಪ ಮೂರನೆಯ ಲೋಕಸಭೆಗೆ ಆಯ್ಕೆಯಾದರು. ಆ ಲೋಕಸಭೆಯ ಅವಧಿಯಲ್ಲಿಯೇ ಚೀನಾ ಮತ್ತು ಪಾಕಿಸ್ತಾನಗಳೊಂದಿಗೆ ಯುದ್ಧಗಳು ನಡೆದವು. ನೆಹರೂ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ನಿಧನರಾದರು. 1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಹಿನ್ನಡೆ ಕಂಡರೂ ಅವರು ಬೀದರಿನಿಂದ ಮರು ಆಯ್ಕೆಯಾದರು.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಸಂಸ್ಥಾ ಕಾಂಗ್ರೆಸ್ಸಿನ ನಾಯಕ ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದವರೇ ಆಗಿದ್ದರು. ಆಗಿನ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಹುಮನಾಬಾದಿಗೆ ನೆರೆಯ ಚಿಂಚೋಳಿಯವರು. ಅವರು ನಿಜಲಿಂಗಪ್ಪನವರ ಪಾಳಯದಲ್ಲಿದ್ದರು. ಲೋಕಸಭೆಯು 1970ರ ಡಿಸೆಂಬರಿನಲ್ಲಿ ಅವಧಿಗೆ ಮೊದಲೇ ವಿಸರ್ಜನೆಯಾಯಿತು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಮೈಸೂರು ರಾಜ್ಯದ ಎಲ್ಲ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ಬೀದರ್ ಕ್ಷೇತ್ರ ಶಂಕರದೇವ ಅವರ ಪಾಲಾಯಿತು.

ಲೋಕಸಭೆಯಿಂದ ಹೊರಗೆ (1971–1991)

ಇದಾದ ಮೇಲೆ ಎರಡು ದಶಕಗಳ ಕಾಲ ರಾಮಚಂದ್ರ ವೀರಪ್ಪ ಲೋಕಸಭೆಯಲ್ಲಿರಲಿಲ್ಲ. ಶಂಕರದೇವ 1977ರಲ್ಲಿಯೂ, ನರಸಿಂಗರಾವ್ ಸೂರ್ಯವಂಶಿ 1980, 1984 ಮತ್ತು 1989ರಲ್ಲಿಯೂ ಕಾಂಗ್ರೆಸ್ಸಿನಿಂದ ಗೆದ್ದರು. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗಲೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ವಶದಲ್ಲಿದ್ದವು. ಇಷ್ಟಾದರೂ ಇದೇ ಕಾಲದಲ್ಲಿ ವಿಧಾನಸಭಾ ಮಟ್ಟದ ರಾಜಕೀಯ ಬೇರೆ ದಾರಿ ಹಿಡಿಯಿತು. ಬಸವಕಲ್ಯಾಣದಲ್ಲಿ 1983ರಿಂದ ಜನತಾ ಪರಿವಾರದ ಬಸವರಾಜ ಪಾಟೀಲ ಅಟ್ಟೂರ ನೆಲೆಯೂರಿದರು. ಹುಮನಾಬಾದಿನಲ್ಲಿ ಕಾಂಗ್ರೆಸ್ಸಿನ ಬಸವರಾಜ ಪಾಟೀಲ ಹುಮನಾಬಾದ್ ಪ್ರಬಲರಾಗಿದ್ದರು. ಅಕ್ಕಪಕ್ಕದ ಎರಡು ತಾಲ್ಲೂಕುಗಳು ಎರಡು ಪಕ್ಷಗಳ ಕಡೆಗೆ ವಾಲಿದ್ದವು.

ಭಾರತೀಯ ಜನತಾ ಪಕ್ಷದಿಂದ ಮರುಪ್ರವೇಶ

1991ರಲ್ಲಿ ಎಂಬತ್ತರ ಆಸುಪಾಸಿನಲ್ಲಿದ್ದ ರಾಮಚಂದ್ರ ವೀರಪ್ಪ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಬೀದರಿನಿಂದ ಗೆದ್ದರು. ಆ ಪಕ್ಷವು ಕರ್ನಾಟಕದಿಂದ ಲೋಕಸಭೆಗೆ ಪ್ರವೇಶ ಪಡೆದ ಮೊದಲ ಚುನಾವಣೆ ಅದು. ಗೆದ್ದವರು ನಾಲ್ವರು: ಬೆಂಗಳೂರು ದಕ್ಷಿಣದಿಂದ ಕೆ. ವೆಂಕಟಗಿರಿಗೌಡ, ಮಂಗಳೂರಿನಿಂದ ವಿ. ಧನಂಜಯಕುಮಾರ್, ತುಮಕೂರಿನಿಂದ ಎಸ್. ಮಲ್ಲಿಕಾರ್ಜುನಯ್ಯ ಮತ್ತು ಬೀದರಿನಿಂದ ರಾಮಚಂದ್ರ ವೀರಪ್ಪ. ನಾಲ್ಕರಲ್ಲಿ ಉತ್ತರ ಕರ್ನಾಟಕದ ಸ್ಥಾನ ಬೀದರ್ ಒಂದೇ.

ಮುಂದಿನ ಚುನಾವಣೆಗಳಲ್ಲಿ ರಾಜ್ಯದ ಅಲೆ ಯಾವ ಕಡೆಗಿದ್ದರೂ ಬೀದರ್ ಅವರನ್ನು ಬಿಟ್ಟುಕೊಡಲಿಲ್ಲ. 1994ರ ವಿಧಾನಸಭಾ ಚುನಾವಣೆಯಲ್ಲಿ ಜನತಾ ದಳ 115 ಸ್ಥಾನ ಗಳಿಸಿ ಅಧಿಕಾರಕ್ಕೆ ಬಂದಿತು. ಬಸವಕಲ್ಯಾಣದಲ್ಲಿ ಬಸವರಾಜ ಪಾಟೀಲ ಅಟ್ಟೂರ, ಹುಮನಾಬಾದಿನಲ್ಲಿ ಮೆರಾಜುದ್ದೀನ್ ಪಟೇಲ್ ಆ ಪಕ್ಷದಿಂದ ಗೆದ್ದರು. ಎರಡೇ ವರ್ಷಗಳ ನಂತರ, 1996ರ ಲೋಕಸಭಾ ಚುನಾವಣೆಯಲ್ಲಿ, ಜನತಾ ದಳ ರಾಜ್ಯದಲ್ಲಿ 16 ಸ್ಥಾನ ಪಡೆದರೂ ಬೀದರ್ ಭಾಜಪದಲ್ಲಿಯೇ ಉಳಿಯಿತು. 1999ರಲ್ಲಿ ಲೋಕಸಭೆ ಮತ್ತು ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ ನಡೆದು ಎಸ್. ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ 18 ಲೋಕಸಭಾ ಸ್ಥಾನಗಳನ್ನು ಗೆದ್ದಿತು. ಭಾಜಪ ಉಳಿಸಿಕೊಂಡ ಏಳು ಸ್ಥಾನಗಳಲ್ಲಿ ಬೀದರ್ ಒಂದು. ಶಾಸಕರನ್ನು ಆರಿಸುವಾಗ ಒಂದು ಪಕ್ಷವನ್ನೂ ಸಂಸದರನ್ನು ಆರಿಸುವಾಗ ಮತ್ತೊಂದನ್ನೂ ಬೆಂಬಲಿಸುವ ಈ ರೂಢಿ ಗಡಿ ಜಿಲ್ಲೆಯ ಮತದಾರರ ಲಕ್ಷಣವಾಗಿ ಗುರುತಿಸಬಹುದಾದದ್ದು.

ಅವರ ಎರಡನೆಯ ಹಂತದ ಸಂಸದೀಯ ಜೀವನ ಅಸ್ಥಿರ ಸರಕಾರಗಳ ಕಾಲದಲ್ಲಿ ಕಳೆಯಿತು. 1991ರಿಂದ 1999ರವರೆಗಿನ ಎಂಟು ವರ್ಷಗಳಲ್ಲಿ ಅವರು ನಾಲ್ಕು ಚುನಾವಣೆಗಳನ್ನು ಎದುರಿಸಿದರು. 1999ರ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಒಂದೇ ಮತದಿಂದ ಬಿದ್ದುಹೋದಾಗ ಅವರು ಆಡಳಿತ ಪಕ್ಷದ ಸಂಸದರಾಗಿದ್ದರು. ಅರವತ್ತರ ದಶಕದಲ್ಲಿ ಕಾಂಗ್ರೆಸ್ಸಿನ ಆಡಳಿತ ಸಾಲಿನಲ್ಲಿ ಕುಳಿತವರು ತೊಂಬತ್ತರ ದಶಕದಲ್ಲಿ ಅದೇ ಪಕ್ಷದ ಎದುರು ಸಾಲಿನಲ್ಲಿ ಕುಳಿತರು.

ಬೀದರ್–ಗುಲಬರ್ಗಾ ರೈಲುಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ದೊರೆತದ್ದು ಅವರು ಸಂಸದರಾಗಿದ್ದ ಅವಧಿಯಲ್ಲಿ. ಹುಮನಾಬಾದಿನ ಮೂಲಕ ಹಾದುಹೋಗುವ ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಆಗ ಅವರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು.

ಕೊನೆಯ ಚುನಾವಣೆ ಮತ್ತು ನಿಧನ

2004ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ ಭಾಜಪ ಕರ್ನಾಟಕದ 28 ಸ್ಥಾನಗಳಲ್ಲಿ 18ನ್ನು ಗೆದ್ದುಕೊಂಡಿತು. ರಾಮಚಂದ್ರ ವೀರಪ್ಪ ಸತತ ಐದನೆಯ ಬಾರಿ ಆಯ್ಕೆಯಾದರು. ಕೇಂದ್ರದಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿದ್ದರಿಂದ ಅವರು ಮತ್ತೆ ವಿರೋಧ ಪಕ್ಷದಲ್ಲಿ ಕುಳಿತುಕೊಳ್ಳಬೇಕಾಯಿತು. ಜುಲೈ ತಿಂಗಳಿನಲ್ಲಿ ಅವರು ನಿಧನರಾದರು. ತೆರವಾದ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ಹಳೆಯ ಪ್ರತಿಸ್ಪರ್ಧಿ ಪಕ್ಷದ ನರಸಿಂಗರಾವ್ ಸೂರ್ಯವಂಶಿ ಗೆದ್ದು, ಹದಿಮೂರು ವರ್ಷಗಳ ಬಳಿಕ ಬೀದರ್ ಮರಳಿ ಕಾಂಗ್ರೆಸ್ಸಿಗೆ ಬಂದಿತು.

ನಂತರದ ಬೆಳವಣಿಗೆಗಳು

2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಿಂದ ಬೀದರ್ ಲೋಕಸಭಾ ಕ್ಷೇತ್ರ ಸಾಮಾನ್ಯ ಕ್ಷೇತ್ರವಾಯಿತು. ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹುಲಸೂರು ಕ್ಷೇತ್ರ ರದ್ದಾಯಿತು; ಬೀದರ್ ದಕ್ಷಿಣ ಹೊಸದಾಗಿ ರಚನೆಯಾಯಿತು; ಔರಾದ್ ಮೀಸಲು ಕ್ಷೇತ್ರವಾಯಿತು. 2009ರಲ್ಲಿ ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್ ಬೀದರಿನಿಂದ ಲೋಕಸಭೆಗೆ ಹೋದರು. ಹೀಗೆ ಮೀಸಲು ಕ್ಷೇತ್ರವಾಗಿದ್ದ ಬೀದರಿನಲ್ಲಿ ಸಾರ್ವತ್ರಿಕ ಚುನಾವಣೆ ಗೆದ್ದ ಮೊದಲಿಗರೂ ಕೊನೆಯವರೂ ರಾಮಚಂದ್ರ ವೀರಪ್ಪನವರೇ ಆಗಿದ್ದಾರೆ. ಆ ಎರಡು ಗೆಲುವುಗಳ ನಡುವಿನ ಅಂತರ 42 ವರ್ಷ.

ಬೀದರ್ ಲೋಕಸಭಾ ಕ್ಷೇತ್ರದಿಂದ ಆಯ್ಕೆಯಾದವರು

1952 – ಶೌಕತುಲ್ಲಾ ಷಾ ಅನ್ಸಾರಿ, ಕಾಂಗ್ರೆಸ್
1962 – ರಾಮಚಂದ್ರ ವೀರಪ್ಪ, ಕಾಂಗ್ರೆಸ್
1967 – ರಾಮಚಂದ್ರ ವೀರಪ್ಪ, ಕಾಂಗ್ರೆಸ್
1971 – ಶಂಕರದೇವ, ಕಾಂಗ್ರೆಸ್
1977 – ಶಂಕರದೇವ, ಕಾಂಗ್ರೆಸ್
1980 – ನರಸಿಂಗರಾವ್ ಸೂರ್ಯವಂಶಿ, ಕಾಂಗ್ರೆಸ್ (ಐ)
1984 – ನರಸಿಂಗರಾವ್ ಸೂರ್ಯವಂಶಿ, ಕಾಂಗ್ರೆಸ್
1989 – ನರಸಿಂಗರಾವ್ ಸೂರ್ಯವಂಶಿ, ಕಾಂಗ್ರೆಸ್
1991 – ರಾಮಚಂದ್ರ ವೀರಪ್ಪ, ಭಾಜಪ
1996 – ರಾಮಚಂದ್ರ ವೀರಪ್ಪ, ಭಾಜಪ
1998 – ರಾಮಚಂದ್ರ ವೀರಪ್ಪ, ಭಾಜಪ
1999 – ರಾಮಚಂದ್ರ ವೀರಪ್ಪ, ಭಾಜಪ
2004 – ರಾಮಚಂದ್ರ ವೀರಪ್ಪ, ಭಾಜಪ
2004 (ಉಪಚುನಾವಣೆ) – ನರಸಿಂಗರಾವ್ ಸೂರ್ಯವಂಶಿ, ಕಾಂಗ್ರೆಸ್
2009 – ಎನ್. ಧರ್ಮಸಿಂಗ್, ಕಾಂಗ್ರೆಸ್
2014 – ಭಗವಂತ ಖೂಬಾ, ಭಾಜಪ
2019 – ಭಗವಂತ ಖೂಬಾ, ಭಾಜಪ
2024 – ಸಾಗರ್ ಖಂಡ್ರೆ, ಕಾಂಗ್ರೆಸ್