ಬಿ. ಎಲ್. ರೈಸ್

ಬೆಂಜಮಿನ್ ಲೂಯಿ ರೈಸ್ (ಜುಲೈ ೧೭, ೧೮೩೭ – ಜುಲೈ ೧೦, ೧೯೨೭) ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ವಿದ್ವಾಂಸರು, ಶಿಕ್ಷಣಾಧಿಕಾರಿ ಹಾಗೂ ಪ್ರಾಚೀನ ಕನ್ನಡ ಕಾವ್ಯಗಳ ಸಂಪಾದಕರು. ಸುಮಾರು ೯,೦೦೦ ಶಾಸನಗಳನ್ನು ಒಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ೧೨ ಸಂಪುಟಗಳು ಇವರ ಮುಖ್ಯ ಸಾಧನೆ. ಕನ್ನಡ ನಾಡಿನಲ್ಲಿ ಇವರನ್ನು ಶಾಸನ ಪಿತಾಮಹ ಎಂದು ಕರೆಯುವುದು ರೂಢಿ.

ಜನನ ಮತ್ತು ವೃತ್ತಿ

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಐದು ದಶಕಗಳ ಕಾಲ ಅಲ್ಲಿಯೇ ನೆಲೆಸಿದ್ದರು; ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿಗೆ ಅವರದೇ ಹೆಸರು. ‘ಕನ್ನಡ ಸಾಹಿತ್ಯ ಚರಿತ್ರೆ’ಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ತಮ್ಮ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಬಿ. ಎಲ್. ರೈಸ್ ೧೮೬೦ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ೧೮೬೫ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲಾ ತನಿಖಾಧಿಕಾರಿಯಾಗಿ ನೇಮಕಗೊಂಡರು.

ಶಾಲೆಗಳನ್ನು ನೋಡಲು ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಅಕ್ಷರದ ಕಲ್ಲುಗಳು ಇವರ ಗಮನ ಸೆಳೆದವು. ಶಾಸನವಿದ್ದ ಕಡೆ ನಿಧಿ ಹೂತಿದೆ ಎಂದು ನಂಬುವವರು ಬಹಳ ಇದ್ದರು. ಓದಬಲ್ಲವರು ಇರಲಿಲ್ಲವೆಂದರೂ ನಡೆಯುತ್ತದೆ. ನಾಡಿನ ಹಿಂದಿನ ಅರಸರ ಬಗ್ಗೆ ಆಗ ತಿಳಿದಿದ್ದುದು ಹೆಚ್ಚಾಗಿ ಸ್ಥಳಪುರಾಣಗಳಿಂದ ಮತ್ತು ವಂಶಾವಳಿಗಳಿಂದ. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರಿಗೆ ಬಂತು. ಅದರ ಫಲವಾಗಿ ೧೮೭೯ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. ಅದಕ್ಕೂ ಮೊದಲು, ೧೮೭೬ರಿಂದ ೧೮೭೮ರ ನಡುವೆ, ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಮೂರು ಸಂಪುಟಗಳಲ್ಲಿ ಅವರು ಹೊರತಂದಿದ್ದರು. ೧೮೮೫ರಲ್ಲಿ ಪುರಾತತ್ತ್ವ ಸಂಶೋಧನೆಯ ಹೊಣೆ ಇತರ ಕೆಲಸದ ಜೊತೆಗೆ ಸೇರಿತು; ೧೮೯೦ರಿಂದ ಅದೇ ಪೂರ್ಣಾವಧಿಯ ಕೆಲಸವಾಯಿತು.

ಕಡೂರು ಜಿಲ್ಲೆಯ ಸಂಪುಟ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಅಂದು ಕಡೂರು ಜಿಲ್ಲೆ ಎಂಬ ಹೆಸರಿತ್ತು. ಅದರ ಶಾಸನಗಳು ೧೯೦೧ರಲ್ಲಿ ಆರನೆಯ ಸಂಪುಟವಾಗಿ ಅಚ್ಚಾದವು. ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಂದೆಡೆ ಗುಂಪಾಗಿರುತ್ತವೆ, ಕಲ್ಲು ಎಲ್ಲಿದೆಯೆಂದು ಕೇಳಿದರೆ ಊರವರು ತೋರಿಸುತ್ತಾರೆ. ಮೂಡಿಗೆರೆ, ಕಳಸ, ಕೊಪ್ಪದ ಮಲೆನಾಡಿನಲ್ಲಿ ಹಾಗಿಲ್ಲ. ಒಂಟಿ ಮನೆಗಳು ಗದ್ದೆ, ಕಾಡು, ಕಾಫಿ ತೋಟಗಳ ನಡುವೆ ಚದುರಿವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸಂಚಾರವೇ ಕಷ್ಟ. ಪಾಚಿ ಕಟ್ಟಿದ ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಬಡಿದು ಕೂರಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕಿತ್ತು.

ಈ ಸಂಪುಟದಲ್ಲಿ ಗಮನಾರ್ಹವಾದುದು ಹೊಯ್ಸಳರ ಮೂಲಸ್ಥಾನದ ಪ್ರಶ್ನೆ. ಸಳನು ಹುಲಿಯನ್ನು ಕೊಂದನೆಂದು ಹೇಳುವ ಶಾಸನಗಳು ಆ ಸ್ಥಳವನ್ನು ಸೊಸೆವೂರು ಅಥವಾ ಶಶಕಪುರ ಎಂದು ಕರೆಯುತ್ತವೆ. ಆ ಊರು ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಎಂದು ರೈಸ್ ಗುರುತಿಸಿದರು. ಅಲ್ಲಿ ಪಾಳುಬಿದ್ದ ಬಸದಿಗಳೂ ವಾಸಂತಿಕಾ ದೇವಿಯ ಗುಡಿಯೂ ಇದ್ದವು, ಶಾಸನಗಳೂ ದೊರೆತವು. ಬೇಲೂರು, ಹಳೇಬೀಡುಗಳ ಅರಸರು ಬೆಟ್ಟದ ಮೇಲಿನ ಒಂದು ಸಣ್ಣ ಊರಿನಿಂದ ಇಳಿದು ಬಂದವರೆಂಬ ಮಾತು ಹೀಗೆ ಐತಿಹ್ಯದಿಂದ ಇತಿಹಾಸಕ್ಕೆ ಸೇರಿತು. ಕಳಸದ ಶಾಸನಗಳಿಂದ ೧೩ನೆಯ ಶತಮಾನದಲ್ಲಿ ಅಲ್ಲಿ ಆಳಿದ ಜಾಕಲ ಮಹಾದೇವಿ ಮತ್ತು ಕಾಳಲ ಮಹಾದೇವಿಯರ ಹೆಸರುಗಳೂ, ಕಳಸೇಶ್ವರನಿಗೆ ದತ್ತಿ ಬಿಟ್ಟ ಕಾರ್ಕಳದ ಭೈರರಸರ ವಿವರಗಳೂ ದೊರೆತವು. ಕಡೂರಿನ ಕಂಬವೊಂದರಲ್ಲಿ ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, ಕ್ರಿ.ಶ. ೯೭೧ರಲ್ಲಿ ವ್ರತದಿಂದ ದೇಹ ಬಿಟ್ಟ ಸಂಗತಿಯಿದೆ.

ಇಷ್ಟೆಲ್ಲ ಸುತ್ತಿದರೂ ಚಿಕ್ಕಮಗಳೂರಿಗೆ ಹತ್ತಿರದ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಇವರ ಸಂಗ್ರಹದಿಂದ ತಪ್ಪಿಸಿಕೊಂಡಿತು. ಅದು ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂತು.

ಅಶೋಕನ ಶಾಸನಗಳು

ಮೂರು ದಶಕಗಳ ಹುಡುಕಾಟದಲ್ಲಿ ಅತ್ಯಂತ ದೊಡ್ಡ ಲಾಭವಾದದ್ದು ೧೮೯೨ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ. ಮೌರ್ಯರ ಆಳ್ವಿಕೆ ಮೈಸೂರು ಸೀಮೆಯವರೆಗೆ ಚಾಚಿತ್ತೆಂದು ಹೇಳಲು ಅಲ್ಲಿಯವರೆಗೆ ಜೈನ ಐತಿಹ್ಯದ ಹೊರತು ಕಲ್ಲಿನ ಸಾಕ್ಷಿ ಇರಲಿಲ್ಲ. ಚಂದ್ರಗುಪ್ತನು ಶ್ರವಣಬೆಳಗೊಳಕ್ಕೆ ಬಂದನೆಂಬ ಐತಿಹ್ಯವನ್ನು ರೈಸ್ ಸಮರ್ಥಿಸಿದ್ದರು, ಉಳಿದವರು ಅನುಮಾನಿಸುತ್ತಿದ್ದರು. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಒಂದಕ್ಕೊಂದು ಸಮೀಪದಲ್ಲೇ ಮೂರು ಬಂಡೆಗಳ ಮೇಲೆ ಬ್ರಾಹ್ಮೀ ಲಿಪಿಯ ಬರಹಗಳು ಸಿಕ್ಕವು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದು ಮೊದಲೇ ಕರೆಯುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು; ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರಗಳು ಸವೆದುಹೋಗಿದ್ದವು.

ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ರಾಜಾಜ್ಞೆ ಅದು. ತಂದೆತಾಯಿಗಳ ಸೇವೆ, ಸತ್ಯ, ಪ್ರಾಣಿದಯೆ, ಗುರುಗಳ ಗೌರವ ಅದರ ವಿಷಯ. ಬರೆದ ಚಪಡನು ತನ್ನ ಹೆಸರಿನ ಮುಂದಿನ ಒಂದು ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಶಾಸನದಲ್ಲಿ ದೊರೆಯನ್ನು ದೇವಾನಾಂಪ್ರಿಯ ಎಂದಷ್ಟೇ ಕರೆಯಲಾಗಿದೆ. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕಂಡದ್ದು ೧೯೧೫ರಲ್ಲಿ ದೊರೆತ ಮಸ್ಕಿಯ ಬಂಡೆಯಲ್ಲಿ.

ವಾದವಿವಾದ ಮತ್ತು ಗ್ರಂಥ ಸಂಪಾದನೆ

ಗಂಗರ ತಾಮ್ರಶಾಸನಗಳನ್ನು ಆಧರಿಸಿ ರೈಸ್ ಕಟ್ಟಿದ ವಂಶಾವಳಿಯನ್ನು ಜೆ. ಎಫ್. ಫ್ಲೀಟ್ ಒಪ್ಪಲಿಲ್ಲ, ಅವು ಕೃತಕವೆಂದು ವರ್ಷಗಟ್ಟಲೆ ವಾದಿಸಿದರು. ಹಲವು ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಅವರ ಸಂಶಯ ನ್ಯಾಯವಾದುದೇ. ಆದರೆ ಮುಂದೆ ಪೆನುಕೊಂಡದ ತಾಮ್ರಶಾಸನ ದೊರೆತಾಗ ಅದು ನೈಜವೆಂದು ಅವರೇ ಒಪ್ಪಿದರು. ಗಂಗರು ಕಟ್ಟುಕಥೆಯ ಅರಸರಲ್ಲ ಎಂಬ ರೈಸ್ ಅವರ ನಿಲುವು ಉಳಿಯಿತು.

‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ನಾಗವರ್ಮನ ‘ಕರ್ನಾಟಕ ಭಾಷಾಭೂಷಣ’ (೧೮೮೪), ಭಟ್ಟಾಕಳಂಕನ ‘ಕರ್ನಾಟಕ ಶಬ್ದಾನುಶಾಸನ’ (೧೮೯೦), ‘ಪಂಪರಾಮಾಯಣ’ (೧೮೯೨) ಮತ್ತು ‘ಪಂಪಭಾರತ’ (೧೮೯೮) ಇವರ ಸಂಪಾದಕತ್ವದಲ್ಲಿ ಬಂದವು. ಓಲೆಗರಿಗಳಲ್ಲಿ ಉಳಿದಿದ್ದ ಪಂಪನು ಅಚ್ಚಿನ ಮೂಲಕ ಓದುಗರ ಕೈಗೆ ಸಿಕ್ಕಿದ್ದು ಹೀಗೆ.

ಕೊನೆಯ ದಿನಗಳು

ರೈಸ್ ೧೯೦೬ರಲ್ಲಿ ನಿವೃತ್ತರಾದರು. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದರು. ಇಂಗ್ಲೆಂಡಿಗೆ ತೆರಳಿದ ಮೇಲೆ ೧೯೦೯ರಲ್ಲಿ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ೧೯೨೭ರಲ್ಲಿ ಹ್ಯಾರೋದಲ್ಲಿ ನಿಧನರಾದರು. ತೊಂಬತ್ತು ತುಂಬಲು ಒಂದು ವಾರ ಉಳಿದಿತ್ತು. ಅವರು ತಾಲ್ಲೂಕುವಾರು ಕೊಟ್ಟ ಕ್ರಮಸಂಖ್ಯೆಗಳನ್ನು ಶಾಸನಗಳ ಅಧ್ಯಯನದಲ್ಲಿ ಇಂದಿಗೂ ಉಲ್ಲೇಖಿಸಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು ಈ ಸಂಪುಟಗಳ ಪರಿಷ್ಕೃತ ಆವೃತ್ತಿಗಳನ್ನು ಹೊಸ ಶಾಸನಗಳೊಂದಿಗೆ ಪ್ರಕಟಿಸಿದೆ.