ಗೊಂಕನ ಊರು, ಊರಿನ ಕಟ್ಟಳೆ

ತೇರದಾಳ ಅಂದ ಕೂಡಲೇ ಅರಿಶಿನ, ಕಬ್ಬು, ಪಕ್ಕದ ರಬಕವಿ-ಬನಹಟ್ಟಿಯ ಮಗ್ಗದ ಸದ್ದು ನೆನಪಾಗುತ್ತೆ. ಒಂಬೈನೂರು ವರ್ಷದ ಹಿಂದೆ ಈ ಊರನ್ನು ಆಳುತ್ತಿದ್ದವನು ಗೊಂಕ. ದೊಡ್ಡ ಚಕ್ರವರ್ತಿಯೇನಲ್ಲ, ಒಬ್ಬ ಮಾಂಡಲಿಕ. ಅವನ ಮೇಲೆ ಸವದತ್ತಿಯ ರಟ್ಟರು, ಅವರ ಮೇಲೆ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ. ಕೂಂಡಿ ಮೂರು ಸಾವಿರ ನಾಡಿನೊಳಗಿನ ತೇರಿದಾಳ ಹನ್ನೆರಡು, ಅಂದರೆ ಹನ್ನೆರಡು ಊರುಗಳ ಒಂದು ಗುಂಪು, ಅಷ್ಟೇ ಅವನ ಪಾಲು.

ಗೊಂಕನಿಗೆ ಒಮ್ಮೆ ವಿಷದ ಹಾವು ಕಚ್ಚಿತಂತೆ. ಪಂಚಪರಮೇಷ್ಠಿಗಳ ಹೆಸರು ಜಪಿಸಿ ಬದುಕಿಕೊಂಡನಂತೆ. ಕತೆಯನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಅವನ ಜಿನಭಕ್ತಿಗೆ ಮಾತ್ರ ಕಲ್ಲಿನ ಸಾಕ್ಷಿಯೇ ಇದೆ. ಶಕ 1045, ಅಂದರೆ ಸುಮಾರು 1123ರಲ್ಲಿ ಊರಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ರಟ್ಟರ ಕಾರ್ತವೀರ್ಯನೂ ಕೊಲ್ಲಾಪುರದ ಹೆಸರಾಂತ ಗುರು ಮಾಘನಂದಿ ಸೈದ್ಧಾಂತಿಕರೂ ಈ ಕಾರ್ಯದಲ್ಲಿದ್ದರು.

ಕಟ್ಟಡ ಎಬ್ಬಿಸೋದು ಸುಲಭ. ಅದು ನಡೆಯೋದು ಹೇಗೆ? ಸಿವಿಲ್‌ನವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತೆ. ಗೊಂಕ ಬಸದಿಗೆ ಭೂಮಿ ಬಿಟ್ಟ. ಆ ಕಾಲದಲ್ಲಿ ಭೂಮಿ ಬಿಡೋದು ಅಂದರೆ ಬಾಯಿಮಾತಲ್ಲ. ಅಳತೆಗೆ ಕೋಲು ಯಾವುದು ಅಂತ ಮೊದಲೇ ಹೇಳಬೇಕು, ಯಾಕಂದರೆ ಒಂದೊಂದು ಕಡೆ ಒಂದೊಂದು ಕೋಲು. ಎಷ್ಟು ಮತ್ತರು ಅಂತ ಬರೆಯಬೇಕು, ಎಲ್ಲೆಗೆ ಕಲ್ಲು ನೆಡಬೇಕು. ಆ ಹೊಲದ ಹುಟ್ಟುವಳಿ ಯಾವುದಕ್ಕೆ ಅನ್ನೋದೂ ಗೊತ್ತಾಗಬೇಕು: ಪೂಜೆಗೆ, ಋಷಿಗಳ ಊಟಕ್ಕೆ, ಒಡೆದದ್ದು ಬಿರುಕುಬಿಟ್ಟದ್ದನ್ನು ಸರಿಪಡಿಸೋದಕ್ಕೆ. ಈ ಕೊನೆಯದಕ್ಕೆ ಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಅಂತ ಹೆಸರೇ ಇದೆ. ನಮ್ಮ ಹಾಸ್ಟೆಲ್ ಕಟ್ಟುವಾಗ ಯಾರಾದರೂ ಈ ಪದ ಓದಿದ್ದರೆ ಚೆನ್ನಾಗಿತ್ತು.

ಬರೀ ಭೂಮಿಯಿಂದ ಆಗೋದಿಲ್ಲ, ಪೇಟೆಯೂ ಕೈಜೋಡಿಸಬೇಕು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಆಗಿನ ದೊಡ್ಡ ವರ್ತಕ ಸಂಘ. ಗೊಂಕನ ಬಸದಿಗೆ ಅವರ ಆಯವೂ ಸಂದಿದೆ. ಇಂಥ ಆಯದ ರೀತಿ ಹೀಗೆ: ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ, ಮಾರಿದ ಸರಕಿನ ಬೆಲೆಯ ಮೇಲೆ ಇಷ್ಟು ವೀಸ. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು. ರಾಜನಿಗೆ ಸಲ್ಲುವ ಸುಂಕ, ಅಂಗಡಿದೆರೆ, ಮಗ್ಗದೆರೆಗಳ ಲೆಕ್ಕ ಬೇರೆ. ಇದು ವ್ಯಾಪಾರಿಗಳು ತಾವೇ ಕೂತು ತಮ್ಮ ಮೇಲೆ ಹಾಕಿಕೊಂಡ ದರ. ನನಗೆ ಹಿಡಿಸಿದ್ದು ಇದೇ. ದರ ಗೊತ್ತುಮಾಡಿದವನೂ ಕೊಡುವವನೂ ಒಬ್ಬನೇ. ಬರೆದದ್ದು ಕನ್ನಡದಲ್ಲಿ, ಅದೂ ಕಲ್ಲಿನ ಮೇಲೆ. ನಾಳೆ ಯಾರೋ ಬಂದು ದುಪ್ಪಟ್ಟು ಕೇಳಿದರೆ ಕಲ್ಲು ತೋರಿಸಬಹುದು.

ಇವತ್ತು ಈ ಕೆಲಸ ಪುರಸಭೆಯದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಉಪವಿಧಿ ಮಾಡಬಹುದು, ಆದರೆ ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಕರಡು ಓದಿ ಆಕ್ಷೇಪಣೆ ಹಾಕಿದವರನ್ನು ನೀವು ನೋಡಿದ್ದೀರಾ? ಉದ್ದಿಮೆ ಪರವಾನಿಗೆಯ ದರ ಎಷ್ಟೋ ಅಂಗಡಿಯವರಿಗೆ ಗೊತ್ತಾಗೋದು ರಸೀದಿ ಕೈಗೆ ಬಂದಾಗಲೇ.

ಗೊಂಕನ ನಂತರ ರಾಜ್ಯಗಳೇ ತಲೆಕೆಳಗಾದವು. ಕಳಚುರಿ ಬಿಜ್ಜಳ ಕಲ್ಯಾಣ ಹಿಡಿದ, ಅವನ ಮಕ್ಕಳ ಆಳ್ವಿಕೆಯೂ ಮುಗಿಯಿತು, ಚಾಲುಕ್ಯ ನಾಲ್ಕನೇ ಸೋಮೇಶ್ವರ ತಿರುಗಿ ಬಂದ. 1187ರಲ್ಲಿ, ಅಂದರೆ ಅರವತ್ತನಾಲ್ಕು ವರ್ಷದ ಮೇಲೆ, ಗೊಂಕನ ಬಸದಿಗೆ ಮತ್ತೊಂದು ದಾನ ಬರೆಸಿದರು.