ಅಡುಗೆಮನೆಯಲ್ಲೇ ದೇವರನ್ನು ಕಂಡ ಬ್ರದರ್ ಲಾರೆನ್ಸ್

ಕಲಬುರಗಿ ನಗರದಲ್ಲಿ ಶರಣಬಸವೇಶ್ವರರ ಹೆಸರು ಹೇಳಿದೊಡನೆ ನೆನಪಾಗುವುದು ದಾಸೋಹ. ಹಸಿದವರಿಗೆ ಅನ್ನ ನೀಡುವುದೂ ದೇವರ ಸೇವೆಯೇ ಎಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದಲ್ಲಿ ನಮ್ಮ ಕರಾವಳಿಯಿಂದ ಹೋಗಿ ಸೇವೆ ಸಲ್ಲಿಸಿದವರಿದ್ದಾರೆ. ಆ ಊರಿನವರಿಗೆ ನಮ್ಮ ಪರಂಪರೆಯ ಒಬ್ಬರನ್ನು ಪರಿಚಯಿಸಬೇಕಾದರೆ ನಾವು ಆರಿಸುವುದು ದೊಡ್ಡ ದೇವಶಾಸ್ತ್ರಜ್ಞರನ್ನಲ್ಲ, ಒಬ್ಬ ಅಡುಗೆಯವರನ್ನು.

ಅವರೇ ಬ್ರದರ್ ಲಾರೆನ್ಸ್. ಮೊದಲ ಹೆಸರು ನಿಕೋಲಸ್ ಹರ್ಮನ್. ಇಂದಿನ ಫ್ರಾನ್ಸಿನ ಲೊರೇನ್ ಪ್ರದೇಶದಲ್ಲಿ ಸುಮಾರು 1614ರಲ್ಲಿ ಜನಿಸಿದರು. 18ನೇ ವಯಸ್ಸಿನಲ್ಲಿ ಒಂದು ಚಳಿಗಾಲ, ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡು, ಇದೇ ಮರ ಮತ್ತೆ ಚಿಗುರಿ ಹೂವು ಹಣ್ಣು ಬಿಡುವುದನ್ನು ನೆನೆದರು. ದೇವರ ಮೇಲಿನ ಅವರ ಪ್ರೀತಿ ಮೊಳೆತದ್ದು ಅಲ್ಲಿ. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡರು. ಬಳಿಕ ಒಬ್ಬ ಅಧಿಕಾರಿಯ ಮನೆಯಲ್ಲಿ ಆಳಾಗಿದ್ದಾಗ ಮುಟ್ಟಿದ್ದನ್ನೆಲ್ಲ ಒಡೆದುಹಾಕುತ್ತಿದ್ದರಂತೆ. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದರು. ನಮ್ಮ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರವನ್ನು ನಡೆಸುತ್ತಿರುವುದೂ ಇದೇ ಸಭೆಯವರು.

ಗುರುದೀಕ್ಷೆಯಿಲ್ಲದ ಸಹೋದರರಾಗಿ ಸೇರಿದ ಅವರಿಗೆ ಸಿಕ್ಕಿದ್ದು ಅಡುಗೆಮನೆ. ಸ್ವಭಾವಕ್ಕೆ ಒಂದಿಷ್ಟೂ ಒಗ್ಗದ ಕೆಲಸ. ಆದರೂ ಸುಮಾರು 15 ವರ್ಷ ಮಾಡಿದರು. ಬೆಳಗಾಗುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿಯುವ ಕಲಬುರಗಿಯ ತಾಯಿಯಾಗಲಿ, ಗಂಜಿಗೆ ನೀರಿಡುವ ಕರಾವಳಿಯ ತಾಯಿಯಾಗಲಿ, ಪ್ರಾರ್ಥನೆಗೆ ಸಮಯವೇ ಸಿಗುವುದಿಲ್ಲವೆಂದು ಕೊರಗುವುದನ್ನು ನಾವು ಕೇಳುತ್ತೇವೆ. ಲಾರೆನ್ಸ್ ಕಂಡುಕೊಂಡ ದಾರಿ ಇಂಥವರಿಗಾಗಿಯೇ ಇದೆ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ಅವರು ದೇವರ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದರು. ಕೆಲಸದ ನಡುವೆ ದೇವರೊಡನೆ ಮನಸ್ಸಿನಲ್ಲೇ ಮಾತನಾಡುತ್ತಿದ್ದರು. ಮರೆತುಹೋದರೆ ತಮ್ಮನ್ನು ಹಳಿದುಕೊಳ್ಳುತ್ತಾ ಕೂರದೆ ಮತ್ತೆ ಆತನ ಕಡೆಗೆ ತಿರುಗುತ್ತಿದ್ದರು. ಪಾತ್ರೆಗಳ ಸದ್ದಿಗೂ ಪ್ರಾರ್ಥನಾಲಯದ ಮೌನಕ್ಕೂ ಅವರಿಗೆ ಭೇದವಿಲ್ಲದಂತಾಯಿತು.

ಇದು ಸುಲಭವಾಗಿ ಬಂದದ್ದಲ್ಲ. ಮಠದ ಮೊದಲ 10 ವರ್ಷ ಅವರ ಮನಸ್ಸು ಬೆಂದುಹೋಗಿತ್ತು. ದೇವರು ತನ್ನನ್ನು ಕೈಬಿಟ್ಟಿದ್ದಾನೆ, ತನಗೆ ರಕ್ಷಣೆಯಿಲ್ಲ ಎಂಬ ಭಯ. ಕಲಬುರಗಿಯಿಂದ ಬೀದರ್ ಕಡೆಗಿನ ದಾರಿಯಲ್ಲಿ ಸಿಗುವ ಕಮಲಾಪುರದ ರೈತರಿಗೆ ಇಂಥ ಕಾಯುವಿಕೆ ಗೊತ್ತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ ಕೈಗೆ ಬರಲು ಬೇರೆ ತಳಿಗಳಿಗಿಂತ ಹೆಚ್ಚು ತಿಂಗಳು ಬೇಕು. ಅಷ್ಟೂ ದಿನ ನೀರು, ಗೊಬ್ಬರ ತಪ್ಪಿಸುವಂತಿಲ್ಲ. ಲಾರೆನ್ಸರೂ ತಪ್ಪಿಸಲಿಲ್ಲ. ಕೊನೆಗೆ, ಜೀವಮಾನವಿಡೀ ಹೀಗೇ ಇದ್ದರೂ ಸರಿ, ದೇವರನ್ನು ಪ್ರೀತಿಸುವುದನ್ನು ಬಿಡಲಾರೆನೆಂದು ನಿಶ್ಚಯಿಸಿದರು. ಶಾಂತಿ ಸಿಕ್ಕಿದ್ದು ಆ ಮೇಲೆಯೇ.

ಕಾಲಿನ ಬಾಧೆ ಹೆಚ್ಚಿದಾಗ ಅವರನ್ನು ಮಠದವರ ಚಪ್ಪಲಿ ರಿಪೇರಿಗೆ ಹಾಕಲಾಯಿತು. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ದೋಣಿಯಲ್ಲಿ ಹೋದಾಗ ಕುಂಟುಕಾಲಿನಿಂದಾಗಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೀಚೆ ಹೋಗಬೇಕಾಯಿತು. 1691ರ ಫೆಬ್ರವರಿ 12ರಂದು ನಿಧನರಾದರು. ಅವರ ಪತ್ರಗಳನ್ನೂ ಸಂಭಾಷಣೆಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸಂಗ್ರಹಿಸಿ ಪ್ರಕಟಿಸಿದರು. 2025ರ ಡಿಸೆಂಬರ್‌ನಲ್ಲಿ ಪೋಪ್ 14ನೇ ಲಿಯೋ ತಮ್ಮನ್ನು ಅರಿಯಬಯಸುವವರು ಓದಬೇಕೆಂದು ಹೆಸರಿಸಿದ್ದು ಈ ಪುಟ್ಟ ಪುಸ್ತಕವನ್ನೇ. ಇದನ್ನು ನುಡಿದ ಅಡುಗೆಯವರಿಗೆ ಧರ್ಮಸಭೆ ಇನ್ನೂ ಸಂತ ಪದವಿ ನೀಡಿಲ್ಲ.